ರೇಷ್ಮೆ ತಟ್ಟೆಗೆ ಮೈಕ್ ಹಿಡಿಯಿರಿ: ಜೀವವಿಜ್ಞಾನದ ಹೆಣ್ಣುಮಕ್ಕಳ ಬಗ್ಗೆ ಊರಲ್ಲೇ ಉಪನ್ಯಾಸ ನಡೆಸುವ ಬಗೆ

ಶಿಡ್ಲಘಟ್ಟದಲ್ಲಿ ನಾವು ಮಾಡಿದ ಮೊದಲ ಕಾರ್ಯಕ್ರಮ ಪೂರ್ತಿ ಕೈಕೊಟ್ಟಿತು. ಬೆಂಗಳೂರಿನಿಂದ ಬಂದಿದ್ದ ಸಂಶೋಧಕಿಗೆ ಮಾತಾಡಲು ಸಿಕ್ಕಿದ್ದು 12 ನಿಮಿಷ. ಅದಕ್ಕೂ ಮುಂಚೆ ಪ್ರಾರ್ಥನೆ, ಸ್ವಾಗತ, ದೀಪ, ಏಳು ಜನರ ಭಾಷಣ, ಏಳು ಶಾಲು, ಏಳು ಹಾರ, ಏಳು ಹಣ್ಣಿನ ಬುಟ್ಟಿ. ಅವರು ಮೈಕ್ ಹಿಡಿಯುವಷ್ಟರಲ್ಲಿ ಚಿಂತಾಮಣಿ ಕಡೆಯ ಬಸ್ಸಿಗೆ ಹೊತ್ತಾಯಿತು ಅಂತ ಹಿಂದಿನ ಮೂರು ಸಾಲು ಖಾಲಿ. ಉಳಿದವರ ಮುಂದೆ ಪರದೆಯ ಮೇಲೆ 11 ವಿಜ್ಞಾನಿಯರ ಫೋಟೊ ಬಂದವು, ಹೋದವು. ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ: "ನಿನ್ನೆ ಯಾರ ಬಗ್ಗೆ ಹೇಳಿದರು?" ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮೇಡಂಗಳ ಬಗ್ಗೆ ಮಿಸ್" ಅಂದಳು.

ತಪ್ಪು ಅವಳದಲ್ಲ. ನಾವು ಹೆಸರುಗಳಿಗೆ ಹಾರ ಹಾಕಿದ್ದೆವು, ಅವರ ಕೆಲಸವನ್ನು ತೋರಿಸಲೇ ಇಲ್ಲ. ಆಮೇಲೆ ಬೇರೆ ಥರ ಮಾಡಿದೆವು. ಎಡವಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಶಿಡ್ಲಘಟ್ಟ ಅಂದ ಕಡೆ ನಿಮ್ಮ ಊರಿನ ಹೆಸರು ಹಾಕಿಕೊಳ್ಳಿ. ಕೋಲಾರವೋ ತುಮಕೂರೋ, ಏನೂ ಪರವಾಗಿಲ್ಲ.

"ಇದೆಲ್ಲ ಬೆಂಗಳೂರಿನಲ್ಲಿ ಸರಿ, ನಮ್ಮೂರಲ್ಲಿ ಯಾರು ಬರ್ತಾರೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಒಂದು ವಿಷಯ ನೆನಪಿಸಿ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರ ವಾರ ಜನರಿಗಾಗಿ ವಿಜ್ಞಾನ ಉಪನ್ಯಾಸ ಇಡಿಸಿದ ಎಚ್. ನರಸಿಂಹಯ್ಯನವರು ನಮ್ಮ ಜಿಲ್ಲೆಯವರೇ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಈ ಪದ್ಧತಿ ಇಲ್ಲಿಂದಲೇ ಬೆಂಗಳೂರಿಗೆ ಹೋಗಿದ್ದು ಅಂತ ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಮೊದಲು ನಾಲ್ಕು ಜನರನ್ನು ಆರಿಸಿ

ಹನ್ನೊಂದು ಬೇಡ. ವರ್ಷಕ್ಕೆ ನಾಲ್ಕು ಉಪನ್ಯಾಸ, ಒಂದೊಂದಕ್ಕೆ ಒಬ್ಬಳೇ ವಿಜ್ಞಾನಿ. ಆರಿಸುವಾಗ ಎಷ್ಟು ದೊಡ್ಡ ಪ್ರಶಸ್ತಿ ಬಂದಿದೆ ಅಂತ ನೋಡಬೇಡಿ. ಕೇಳಲು ಬರುವವರು ದಿನಾ ಕೈಯಲ್ಲಿ ಮುಟ್ಟುವ ವಸ್ತು ಯಾವುದು ಅಂತ ನೋಡಿ. ನಮ್ಮ ಕಡೆ ಅದು ರೇಷ್ಮೆ ಹುಳು, ಹಾಲು, ಕಾಳು, ಮುಸುಕಿನ ಜೋಳ.

ರೇಷ್ಮೆಗೆ ಮರಿಯಾ ಸಿಬಿಲಾ ಮೆರಿಯನ್ ಬಿಟ್ಟರೆ ಬೇರೆ ಹೆಸರೇ ಬೇಡ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವಳು. 13ನೇ ವಯಸ್ಸಿಗೇ ರೇಷ್ಮೆ ಹುಳು ಸಾಕಿ, ಅದು ಬೆಳೆಯುವುದನ್ನು ದಿನಾ ನೋಡಿ, ಬರೆದು, ಚಿತ್ರ ಬಿಡಿಸಲು ಶುರು ಮಾಡಿದಳು. ಆಗಿನ ಕಾಲಕ್ಕೆ ಹುಳುಹುಪ್ಪಟೆ ಕೆಸರಿನಿಂದ, ಕೊಳೆತದ್ದರಿಂದ ತಾನಾಗೇ ಹುಟ್ಟುತ್ತದೆ ಅಂತ ಬಹಳ ಜನ ನಂಬಿದ್ದರು. ಈಕೆ ಮೊಟ್ಟೆ, ಹುಳು, ಗೂಡು, ಚಿಟ್ಟೆ, ಜೊತೆಗೆ ಅದು ತಿನ್ನುವ ಎಲೆ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸಿದಳು. 1679ರಲ್ಲಿ ಬಂದ ಅವಳ ಕಂಬಳಿಹುಳದ ಪುಸ್ತಕದ ಮೊದಲ ಚಿತ್ರವೇ ಹಿಪ್ಪುನೇರಳೆ ಎಲೆಯ ಮೇಲಿನ ರೇಷ್ಮೆ ಹುಳು. 52ನೇ ವಯಸ್ಸಿನಲ್ಲಿ, 1699ರಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದಳು, ಅಲ್ಲಿನ ಕೀಟ ನೋಡಲು. ಅವಳು ನೋಡಿದ್ದನ್ನು ನಮ್ಮ ಮನೆಯ ಹೆಂಗಸರು ವರ್ಷಕ್ಕೆ ಹಲವು ಬೆಳೆ ನೋಡುತ್ತಾರೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಅಂತ ಲೆಕ್ಕ ಇಡುತ್ತಾರೆ. ಹುಳು ಹಣ್ಣಾಯಿತು, ಅಂದರೆ ಗೂಡು ಕಟ್ಟಲು ತಯಾರಾಯಿತು ಅಂತ ಬಣ್ಣ ನೋಡಿಯೇ ಹೇಳುತ್ತಾರೆ. "ನೀವು ಮಾಡುತ್ತಿರುವುದು ಇದೇ ಕೆಲಸ, ಬರೆದಿಟ್ಟಿಲ್ಲ ಅಷ್ಟೇ" ಅಂದಾಗ ಸಭೆಯಲ್ಲಿ ಕೂತ ಭಂಗಿಯೇ ಬದಲಾಗುತ್ತದೆ.

ಎರಡನೆಯವಳು ನೆಟ್ಟಿ ಸ್ಟೀವನ್ಸ್. ಹುಟ್ಟಿದ್ದು 1861ರಲ್ಲಿ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷವೇ. ಅಮೆರಿಕದವಳು, ಶಾಲಾ ಟೀಚರ್. ಸಂಬಳದಲ್ಲಿ ಉಳಿಸಿದ ದುಡ್ಡು ಇಟ್ಟುಕೊಂಡು 35ನೇ ವಯಸ್ಸಿಗೆ ಯೂನಿವರ್ಸಿಟಿಗೆ ಸೇರಿದಳು. 1905ರಲ್ಲಿ ಹಿಟ್ಟಿನ ಹುಳದ ಜೀವಕೋಶ ನೋಡಿ, ಹೆಣ್ಣಿಗೆ 20 ದೊಡ್ಡ ಕ್ರೋಮೋಸೋಮ್ (ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ದಾರದಂಥ ಎಳೆ), ಗಂಡಿಗೆ 19 ದೊಡ್ಡವು ಮತ್ತು ಒಂದು ಚಿಕ್ಕದು ಅಂತ ಕಂಡುಕೊಂಡಳು. ಆ ಚಿಕ್ಕದು ವೀರ್ಯದಿಂದ ಬಂದರೆ ಗಂಡು, ದೊಡ್ಡದು ಬಂದರೆ ಹೆಣ್ಣು. "ಬರೀ ಹೆಣ್ಣೇ ಹೆತ್ತಳು" ಅಂತ ಸೊಸೆಯನ್ನು ಬೈಯುವ ಮನೆ ಇರುವ ಊರಿನಲ್ಲಿ ಇದಕ್ಕಿಂತ ದೊಡ್ಡ ಉಪನ್ಯಾಸ ಇಲ್ಲ. ನಾಲ್ಕು ಮಾಡಲು ಆಗದೆ ಒಂದೇ ಮಾಡುವುದಾದರೆ ಇದನ್ನು ಮಾಡಿ.

ಮೂರನೆಯದು ಕಮಲಾ ಸೊಹೊನಿ. ಈ ಕತೆ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮಿಂದ 60 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. 1933ರಲ್ಲಿ ಸೇರಲು ಬಂದಾಗ ಹೆಣ್ಣು ಅನ್ನುವ ಕಾರಣಕ್ಕೆ ಆಗ ಅಲ್ಲಿನ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಬೇಡ ಅಂದರು. ಪಟ್ಟು ಬಿಡದೆ ನಿಂತ ಮೇಲೆ, ಒಂದು ವರ್ಷ ಪರೀಕ್ಷಾರ್ಥವಾಗಿ ಮಾತ್ರ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಫೆಬ್ರವರಿ 28ರ ವಿಜ್ಞಾನ ದಿನ ರಾಮನ್ ಪರಿಣಾಮದ ದಿನ, ಅಲ್ವಾ? ಆ ದಿನವೇ ಈ ಕತೆ ಹೇಳಿ. ರಾಮನ್ ಅವರನ್ನು ಹಳಿಯಲು ಅಲ್ಲ. ಬೆಳಕಿನ ಬಗ್ಗೆ ಅಷ್ಟು ಚೆನ್ನಾಗಿ ಕಂಡವರಿಗೂ ಎದುರಿಗೆ ನಿಂತ ಹುಡುಗಿ ಕಾಣಲಿಲ್ಲ ಅನ್ನುವುದನ್ನು ಮಕ್ಕಳು ಅರಗಿಸಿಕೊಳ್ಳಬಲ್ಲರು. ನಮಗೇ ಸುಮ್ನೆ ಭಯ.

ನಾಲ್ಕನೆಯ ಜಾಗ ಊರಿಗೆ ತಕ್ಕ ಹಾಗೆ. ಮುಸುಕಿನ ಜೋಳ ಬೆಳೆಯುವ ಕಡೆ ಬಾರ್ಬರಾ ಮೆಕ್ಲಿಂಟಾಕ್. ಒಂದೇ ತೆನೆಯ ಕಾಳುಗಳಲ್ಲಿ ಬಣ್ಣದ ಚುಕ್ಕೆ ಯಾಕೆ ಅಂತ ಹಿಂದೆ ಬಿದ್ದು, ಜೀನ್‌ಗಳು ಜಾಗ ಬಿಟ್ಟು ಜಾಗಕ್ಕೆ ಹಾರುತ್ತವೆ ಅಂತ ಹೇಳಿದರು. ದಶಕಗಳ ಕಾಲ ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1983ರಲ್ಲಿ, 81ನೇ ವಯಸ್ಸಿಗೆ, ಯಾರ ಜೊತೆಯೂ ಹಂಚಿಕೊಳ್ಳದೆ ನೊಬೆಲ್ ಬಂತು. ಕಬ್ಬು, ಬದನೆ ಇರುವ ಕಡೆ ಆ ಬೆಳೆಗಳ ಮೇಲೆ ಕೆಲಸ ಮಾಡಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್. ಆಶಾ ಕಾರ್ಯಕರ್ತೆಯರು ಜಾಸ್ತಿ ಬರುವುದಾದರೆ ವೆಲ್ಲೂರಿನಲ್ಲಿ ರೋಟಾ ವೈರಸ್ ಬಗ್ಗೆ ಕೆಲಸ ಮಾಡಿದ ಗಗನ್‌ದೀಪ್ ಕಾಂಗ್. 6, 10, 14ನೇ ವಾರ ಮಗುವಿನ ಬಾಯಿಗೆ ಹಾಕುವ ಹನಿಯ ಹಿಂದೆ ಏನಿದೆ ಅಂತ ಅವರಿಗಿಂತ ಆಸೆಯಿಂದ ಕೇಳುವವರು ಯಾರೂ ಇಲ್ಲ.

ಉಪ್ಪುಖಾರ ಎಷ್ಟು ಅಂತ ನೋಡಿಕೊಳ್ಳಿ

ಸಾಧಕಿಯರ ಕತೆಗಳು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಊದಿಕೊಂಡಿರುತ್ತವೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವೂ ಹೋಯಿತು. ನಮ್ಮ ತಂಡದಲ್ಲಿ ಒಂದು ನಿಯಮ ಇದೆ: "ಮೊಟ್ಟಮೊದಲ ಮಹಿಳೆ" ಅನ್ನುವ ಮಾತು ಬಂದಾಗಲೆಲ್ಲ ಎರಡು ಕಡೆ ನೋಡಿ ಖಚಿತ ಮಾಡಿಕೊಳ್ಳಬೇಕು.

ಜಾಸ್ತಿ ಎಡವುವ ಮೂರು ಕಡೆ ಹೇಳುತ್ತೇನೆ. ರೊಸಾಲಿಂಡ್ ಫ್ರಾಂಕ್ಲಿನ್‌ಗೆ ಬರಬೇಕಿದ್ದ ನೊಬೆಲ್ ಕಸಿದುಕೊಂಡರು ಅಂತ ಹೇಳುತ್ತಾರೆ. ಅವರು ತೀರಿಕೊಂಡದ್ದು 1958ರಲ್ಲಿ, ಡಿಎನ್‌ಎ ರಚನೆಗೆ ನೊಬೆಲ್ ಕೊಟ್ಟದ್ದು 1962ರಲ್ಲಿ. ಅವರ ಮಾಹಿತಿಯನ್ನು ಅವರಿಗೇ ಗೊತ್ತಿಲ್ಲದೆ ಬಳಸಿಕೊಂಡರು ಅನ್ನುವುದೇ ಸಾಕಷ್ಟು ದೊಡ್ಡ ಅನ್ಯಾಯ. ಅದನ್ನು ಹೇಳಿ, ಇಲ್ಲದ್ದನ್ನು ಸೇರಿಸಬೇಡಿ. ಡಿಎನ್‌ಎಯ ಆ ಪ್ರಸಿದ್ಧ ಎಕ್ಸ್-ರೇ ಚಿತ್ರ, 51ನೇ ಫೋಟೊ, ತೆಗೆದದ್ದು ಅವರ ಮಾರ್ಗದರ್ಶನದಲ್ಲಿದ್ದ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್, ಅದನ್ನೂ ಹೇಳಿ. ಹಾಗೆಯೇ ನೆಟ್ಟಿ ಸ್ಟೀವನ್ಸ್ ಕಂಡದ್ದನ್ನು ಅದೇ ಹೊತ್ತಿಗೆ ಎಡ್ಮಂಡ್ ವಿಲ್ಸನ್ ಕೂಡ ಬೇರೆಯಾಗಿ ಕಂಡುಕೊಂಡಿದ್ದರು. ಸ್ಟೀವನ್ಸ್ ನೋಡಿದ್ದು ಹುಳದಲ್ಲಿ. ಮನುಷ್ಯರಲ್ಲಿ ಗಂಡಾಗುವುದನ್ನು ಅಂಥದೇ ಚಿಕ್ಕ ಕ್ರೋಮೋಸೋಮ್, ವೈ, ನಿರ್ಧರಿಸುತ್ತದೆ ಅಂತ ಗಟ್ಟಿಯಾದದ್ದು 1959ರಲ್ಲಿ. ಮೂರನೆಯದು, 2023ರ ನೊಬೆಲ್ ಪಡೆದ ಕ್ಯಾಟಲಿನ್ ಕರಿಕೋ. "ನಾವೆಲ್ಲ ಹಾಕಿಸಿಕೊಂಡ ಕೊರೊನಾ ಲಸಿಕೆ ಅವರದೇ" ಅಂತ ಒಬ್ಬರು ವೇದಿಕೆಯಲ್ಲಿ ಹೇಳಿಬಿಟ್ಟರು. ನಮ್ಮೂರಿನಲ್ಲಿ ಹಾಕಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಕರಿಕೋ ಅವರ ಸಂಶೋಧನೆಯಿಂದ ಸಾಧ್ಯವಾದ ಎಂಆರ್‌ಎನ್‌ಎ ಲಸಿಕೆ ಬೇರೆ. ಸಭೆಯಲ್ಲಿದ್ದ ನರ್ಸ್ ಒಬ್ಬರು ಎದ್ದು ತಿದ್ದಿದರು. ಒಳ್ಳೆಯದೇ ಆಯಿತು ಅನ್ನಿ.

ದಿನ, ಹೊತ್ತು, ಜಾಗ

ಫೆಬ್ರವರಿ 11 ವಿಜ್ಞಾನದಲ್ಲಿ ಹೆಣ್ಣುಮಕ್ಕಳ ಅಂತಾರಾಷ್ಟ್ರೀಯ ದಿನ, 28 ವಿಜ್ಞಾನ ದಿನ, ಮಾರ್ಚ್ 8 ಮಹಿಳಾ ದಿನ. ಕ್ಯಾಲೆಂಡರಿನಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಇವೆಲ್ಲ ಪರೀಕ್ಷೆ ಹತ್ತಿರ ಬಂದ ಕಾಲ. ದೊಡ್ಡ ಕ್ಲಾಸಿನ ಮಕ್ಕಳ ಅಪ್ಪ ಅಮ್ಮ ಕಳಿಸುವುದಿಲ್ಲ. ಬಂದ ಮಕ್ಕಳೂ ಗೈಡ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹಾಗಾಗಿ ಒಂದನ್ನು ಮಾತ್ರ ಫೆಬ್ರವರಿಯಲ್ಲಿಟ್ಟು ಉಳಿದದ್ದನ್ನು ಜುಲೈನಿಂದ ನವೆಂಬರ್ ನಡುವೆ ಹಂಚಿ. ನವೆಂಬರ್ 4 ಜಾನಕಿ ಅಮ್ಮಾಳ್ ಹುಟ್ಟಿದ ದಿನ, 1897ರಲ್ಲಿ. ರಾಜ್ಯೋತ್ಸವದ ವಾರದಲ್ಲೇ ಬರುತ್ತದೆ, ಶಾಮಿಯಾನ ಹೇಗೂ ಹಾಕಿರುತ್ತಾರೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಮಧ್ಯಾಹ್ನ ಎರಡೂವರೆಗೆ ಶುರು ಮಾಡಿ ನಾಲ್ಕೂವರೆಗೆ ಮುಗಿಸುವುದು ನಮಗೆ ಹೊಂದಿದ ಹೊತ್ತು. ಹಳ್ಳಿ ಮಕ್ಕಳಿಗೆ ಬಸ್ಸು ಸಿಗುತ್ತದೆ, ಹೆಂಗಸರಿಗೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ರೇಷ್ಮೆ ಮನೆಯವರನ್ನು ಒಂದು ಮಾತು ಕೇಳಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕಿ ಪೂರೈಸುವುದಿಲ್ಲ. ಆ ವಾರ ಅಮ್ಮಂದಿರು ಬರುವುದಿಲ್ಲ, ಕರೆದರೂ ಪಾಪ.

ಜಾಗ ದೊಡ್ಡದಿರುವುದು ಬೇಡ. ನೂರು ಜನ ಹಿಡಿಸುವ ಶಾಲೆಯ ಹಾಲ್ ಸಾಕು. ಮುನ್ನೂರು ಕುರ್ಚಿಯಲ್ಲಿ ಎಂಬತ್ತು ಜನ ಕೂತರೆ ಸೋತಂತೆ ಕಾಣುತ್ತದೆ. ನೂರು ಕುರ್ಚಿಯಲ್ಲಿ ಅದೇ ಎಂಬತ್ತು ಜನ ಕೂತರೆ ಹಬ್ಬ. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ನಗಬೇಡಿ. ಎರಡು ಗಂಟೆಯ ಕಾರ್ಯಕ್ರಮಕ್ಕೆ ಹೆಂಗಸರು ಮತ್ತೆ ಬರುತ್ತಾರಾ ಇಲ್ಲವಾ ಅನ್ನುವುದನ್ನು ಆ ಬೀಗದ ಕೈಯೇ ನಿರ್ಧರಿಸುತ್ತದೆ.

ಯಾರನ್ನು ಕರೆಯುವುದು

ಜೀವವಿಜ್ಞಾನದ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಮತ್ತು ಕೃಷಿ ವಿಶ್ವವಿದ್ಯಾಲಯ ಎರಡೂ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿವೆ, ಬಳ್ಳಾರಿ ರಸ್ತೆಯಲ್ಲಿ. ನಮ್ಮ ಕಡೆಗೆ ಬರುವ ದಾರಿಯೇ ಅದು. ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬರುವುದು ಎಷ್ಟೋ ಸಲ ಬೆಂಗಳೂರಿನೊಳಗೆ ಜಯನಗರಕ್ಕೆ ಹೋಗುವುದಕ್ಕಿಂತ ಸುಲಭ. ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜಿದೆ. ಇಷ್ಟೆಲ್ಲ ಹತ್ತಿರ ಇಟ್ಟುಕೊಂಡು ನಾವು ಕೇಳುವುದೇ ಇಲ್ಲ.

ನಿರ್ದೇಶಕರನ್ನು, ಕುಲಪತಿಗಳನ್ನು ಕರೆಯಲು ಹೋಗಬೇಡಿ. ದಿನಾಂಕ ಸಿಗುವುದಿಲ್ಲ, ಸಿಕ್ಕರೆ ಶಾಲು ಬೇಕಾಗುತ್ತದೆ. ಪಿಎಚ್‌ಡಿ ಮಾಡುತ್ತಿರುವ, ಕನ್ನಡ ಮಾತಾಡುವ ಹುಡುಗಿಯರನ್ನು ಕರೆಯಿರಿ. ನಮ್ಮ ಅತಿ ಒಳ್ಳೆಯ ಉಪನ್ಯಾಸ ಕೊಟ್ಟವಳಿಗೆ 26 ವರ್ಷ. ಅವಳ ಅಮ್ಮನೂ ಹುಳು ಸಾಕಿದವರು. ಮುಂದಿನ ಸಾಲಿನ ಹುಡುಗಿಯರು ಮೆರಿಯನ್ ಬಗ್ಗೆ ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ, ಇವಳನ್ನಂತೂ ಕಣ್ಣು ಮಿಟುಕಿಸದೆ ನೋಡಿದರು.

ಪತ್ರ ಹೀಗಿರಲಿ: "ನಮ್ಮೂರಿನ ಸುಮಾರು 80 ಜನರಿಗೆ, ಅದರಲ್ಲಿ ಅರ್ಧ ರೇಷ್ಮೆ ಸಾಕುವ ಹೆಂಗಸರು, ಅರ್ಧ ಹೈಸ್ಕೂಲ್ ಮಕ್ಕಳು, ನೆಟ್ಟಿ ಸ್ಟೀವನ್ಸ್ ಮಾಡಿದ ಕೆಲಸವನ್ನು 35 ನಿಮಿಷ ಕನ್ನಡದಲ್ಲಿ ಹೇಳಬೇಕು. ಕೊನೆಯ 10 ನಿಮಿಷ ನಿಮ್ಮ ಸ್ವಂತ ಕೆಲಸದ ಬಗ್ಗೆ. ಆಮೇಲೆ 40 ನಿಮಿಷ ಪ್ರಶ್ನೆ. ಹೋಗಿ ಬರುವ ಗಾಡಿ ನಮ್ಮದು, ಕತ್ತಲಾಗುವ ಮುಂಚೆ ಬೆಂಗಳೂರಿಗೆ ಬಿಡುತ್ತೇವೆ. ಸನ್ಮಾನ ಇರುವುದಿಲ್ಲ, ಗೌರವಧನ ಇಷ್ಟು." ಮೊತ್ತವನ್ನು ಬರೆದೇ ಕಳಿಸಿ, ಸಂಕೋಚ ಬೇಡ. ಹೆಣ್ಣುಮಕ್ಕಳನ್ನು ಗೌರವಿಸುವ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳಿಂದ ಪುಕ್ಕಟೆ ಕೆಲಸ ತೆಗೆಯುವುದು ನನಗಂತೂ ಸರಿ ಕಾಣುವುದಿಲ್ಲ. ಪುಟ್ಟ ಮಗು ಇದ್ದರೆ ಕರೆದುಕೊಂಡು ಬನ್ನಿ ಅಂತಲೂ ಸೇರಿಸಿ. ಒಬ್ಬರು ಹಾಗೆ ಬಂದರು. ಅಂಗನವಾಡಿ ಟೀಚರ್ ಮಗುವನ್ನು ಎತ್ತಿಕೊಂಡು ಹಿಂದೆ ಓಡಾಡುತ್ತಲೇ ಪೂರ್ತಿ ಉಪನ್ಯಾಸ ಕೇಳಿದರು.

ಉಪನ್ಯಾಸ ಕೊಡುವವರು ಹೆಂಗಸರೇ ಆಗಬೇಕು ಅಂತ ಇಲ್ಲ. ಕೇಳುವವರು ಬರೀ ಹೆಂಗಸರಾದರೆ ಮಾತ್ರ ಅರ್ಧ ಕೆಲಸ ಕೆಟ್ಟಂತೆ. ಸ್ಟೀವನ್ಸ್ ಬಗ್ಗೆ ಮೊದಲು ತಿಳಿಯಬೇಕಾದವರು ಅತ್ತೆಯರು ಮತ್ತು ಗಂಡಂದಿರು.

ತಾಲೀಮು: ಫೋನಿನಲ್ಲೇ ಆಗಲಿ

ವಾರಕ್ಕೆ ಮುಂಚೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ, ಪದಗಳನ್ನು ಒಪ್ಪಂದ ಮಾಡಿಕೊಳ್ಳಿ. ಕ್ರೋಮೋಸೋಮ್ ಅನ್ನಬೇಕೋ ವರ್ಣತಂತು ಅನ್ನಬೇಕೋ? ನನ್ನ ಪ್ರಕಾರ ಕ್ರೋಮೋಸೋಮ್ ಅಂತಲೇ ಹೇಳಿ, ಒಂದು ಸಲ ದಾರದ ಉಂಡೆ ತೋರಿಸಿದರೆ ಮುಗಿಯಿತು. ವರ್ಣತಂತು ಅಂದರೆ ಪಠ್ಯಪುಸ್ತಕದ ವಾಸನೆ ಬಂದು ಅರ್ಧ ಜನ ಆಕಳಿಸುತ್ತಾರೆ. ಲಾರ್ವ, ಪ್ಯೂಪ ಬೇಡವೇ ಬೇಡ. ನಮಗೆ ಚಾಕಿ (ಎಳೆ ಹುಳು ಸಾಕುವುದು), ಜ್ವರ, ಹಣ್ಣು ಹುಳು, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ), ಗೂಡು ಅಂತ ಚಿನ್ನದಂಥ ಪದಗಳಿವೆ. ಬೆಂಗಳೂರಿನ ಸಂಶೋಧಕಿ ಬಂದು "ನಾಲ್ಕನೇ ಜ್ವರ" ಅಂದರೆ ಸಭೆ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ನಮ್ಮ ಕಡೆ ಎಷ್ಟೋ ಮನೆಯಲ್ಲಿ ತೆಲುಗು, ಗೂಡಿನಿಂದ ನೂಲು ತೆಗೆಸುವ ರೀಲರ್‌ಗಳ ಮನೆಯಲ್ಲಿ ಉರ್ದು. ಎರಡೂ ಬಲ್ಲ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿ. ಸಾಲು ಸಾಲಾಗಿ ಅನುವಾದ ಮಾಡುವುದು ಬೇಡ, ಪ್ರಶ್ನೆ ಬಂದಾಗ ಸಹಾಯಕ್ಕೆ ಇದ್ದರೆ ಸಾಕು.

ಕಾಳಿನ ಆಟ

ಸ್ಟೀವನ್ಸ್ ಉಪನ್ಯಾಸದ ಜೀವ ಇದು. ಎರಡು ಸ್ಟೀಲ್ ಲೋಟ ತನ್ನಿ. ಒಂದಕ್ಕೆ ಅಮ್ಮ, ಇನ್ನೊಂದಕ್ಕೆ ಅಪ್ಪ ಅಂತ ಚೀಟಿ ಅಂಟಿಸಿ. ಮೊದಲ ಸಲ ನಾವು ಅವರೆಕಾಳು, ತೊಗರಿಕಾಳು ಇಟ್ಟು ಕೆಟ್ಟೆವು. ಅವರೆ ದಪ್ಪ, ತೊಗರಿ ಸಣ್ಣ, ಬೆರಳಿಗೇ ಗೊತ್ತಾಗುತ್ತದೆ. ಹುಡುಗರು ಎರಡನೇ ಸಲಕ್ಕೇ ಕಳ್ಳಾಟ ಶುರು ಮಾಡಿ ಬರೀ ಗಂಡುಮಕ್ಕಳನ್ನೇ ತೆಗೆದರು. ಈಗ ಒಂದೇ ಗಾತ್ರದ ಬಿಳಿ ಅಲಸಂದೆ, ಕೆಂಪು ಅಲಸಂದೆ ಬಳಸುತ್ತೇವೆ.

ಅಮ್ಮನ ಲೋಟದಲ್ಲಿ 20 ಕಾಳು, ಎಲ್ಲ ಬಿಳಿ. ಬಿಳಿ ಅಂದರೆ ಎಕ್ಸ್. ಅಪ್ಪನ ಲೋಟದಲ್ಲಿ 10 ಬಿಳಿ, 10 ಕೆಂಪು. ಕೆಂಪು ಅಂದರೆ ವೈ. ಸಭೆಯಿಂದ ಒಬ್ಬೊಬ್ಬರೇ ಬಂದು ಕಣ್ಣು ಮುಚ್ಚಿ ಎರಡೂ ಲೋಟದಿಂದ ಒಂದೊಂದು ಕಾಳು ತೆಗೆಯಬೇಕು. ಎರಡೂ ಬಿಳಿಯಾದರೆ ಹೆಣ್ಣು, ಒಂದು ಬಿಳಿ ಒಂದು ಕೆಂಪಾದರೆ ಗಂಡು. ಬೋರ್ಡಿನ ಮೇಲೆ ಗೆರೆ ಹಾಕಿ, ಕಾಳನ್ನು ಅದೇ ಲೋಟಕ್ಕೆ ವಾಪಸ್ ಹಾಕಿ ಕುಲುಕಿ. ವಾಪಸ್ ಹಾಕುವುದನ್ನು ಮರೆತರೆ ಲೆಕ್ಕ ಕೆಡುತ್ತದೆ. 40 ಸಲ ಆಗಲಿ.

ಎಷ್ಟೋ ಸಲ ಮಧ್ಯದಲ್ಲಿ ಎಲ್ಲೋ ಸತತವಾಗಿ ನಾಲ್ಕು ಹೆಣ್ಣು ಬರುತ್ತವೆ. ಸಭೆ ಗೊಳ್ಳೆಂದು ನಗುತ್ತದೆ. ಆಗ ನಿಲ್ಲಿಸಿ ಕೇಳಿ: "ಐದನೆಯದು ಏನು?" "ಗಂಡೇ ಆಗಬೇಕು" ಅನ್ನುತ್ತಾರೆ. ತೆಗೆಸಿ ನೋಡಿ. ಕಾಳಿಗೆ ಹಿಂದಿನ ನಾಲ್ಕು ನೆನಪಿಲ್ಲ, ಪ್ರತಿ ಸಲವೂ ಅರ್ಧಕ್ಕರ್ಧ. ಕೊನೆಗೆ ಅಮ್ಮನ ಲೋಟವನ್ನು ಟೇಬಲ್ಲಿನ ಮೇಲೆ ಸುರಿಯಿರಿ. ಎಲ್ಲ ಬಿಳಿ. "ಇದರಲ್ಲಿ ಕೆಂಪು ಕಾಳು ಹುಡುಕಿ ಕೊಡಿ" ಅಂತ ಮುಂದಿನ ಸಾಲಿನ ಅಜ್ಜಿಯ ಕೈಗೆ ಕೊಡಿ. ಒಂದು ಅಜ್ಜಿ ನಿಜಕ್ಕೂ ಒಂದೊಂದಾಗಿ ಹುಡುಕಿತು. ಆಮೇಲೆ ಕಾಳನ್ನು ಲೋಟಕ್ಕೆ ತುಂಬಿಸುತ್ತಾ, "ಮತ್ತೆ ನನ್ನನ್ನು ಯಾಕೆ ಬೈದರು?" ಅಂತ ತೆಲುಗಿನಲ್ಲಿ ತನಗೆ ತಾನೇ ಅಂದುಕೊಂಡಿತು. ಮೈಕ್ ಹತ್ತಿರ ಇತ್ತು, ಎಲ್ಲರಿಗೂ ಕೇಳಿಸಿತು.

ಇನ್ನೂ ಮುಗಿದಿಲ್ಲ. ಈಗ ಲೋಟಗಳ ಮೇಲಿನ ಚೀಟಿ ಅದಲುಬದಲು ಮಾಡಿ, ಗಂಡು ಹೆಣ್ಣಿನ ಲೆಕ್ಕವನ್ನೂ ತಿರುಗಿಸಿ. ರೇಷ್ಮೆಯಲ್ಲಿ ಉಲ್ಟಾ. ಗಂಡು ಚಿಟ್ಟೆಗೆ ಒಂದೇ ಥರದ ಜೋಡಿ, ಅದನ್ನು ಜೆಡ್ ಜೆಡ್ ಅನ್ನುತ್ತಾರೆ. ಹೆಣ್ಣಿಗೆ ಜೆಡ್ ಮತ್ತು ಡಬ್ಲ್ಯೂ. ಅಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದು ಅಮ್ಮನ ಮೊಟ್ಟೆಯಿಂದ ತೀರ್ಮಾನ. ಇಷ್ಟು ವರ್ಷ ಹುಳು ಸಾಕಿದ ಗಂಡಸರು ಈಗ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿರುತ್ತಾರೆ.

ಈ ಆಟ ಆಡಿಸುವಾಗ ಒಂದು ಎಚ್ಚರ. "ಹಾಗಾದರೆ ಗಂಡೇ ಆಗುವ ಹಾಗೆ ಮಾಡಲು ಏನು ತಿನ್ನಬೇಕು?", "ಮೊದಲೇ ಗೊತ್ತಾಗುವ ಸ್ಕ್ಯಾನ್ ಎಲ್ಲಿ ಮಾಡ್ತಾರೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉಪನ್ಯಾಸಕಿಗೆ ಮುಂಚೆಯೇ ಹೇಳಿಟ್ಟಿರಿ. ಮೊದಲನೆಯದಕ್ಕೆ ಉತ್ತರ: ತಿನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡನೆಯದಕ್ಕೆ: ಹುಟ್ಟುವ ಮುಂಚೆ ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆ ಪ್ರಕಾರ ಅಪರಾಧ. ಎರಡೇ ವಾಕ್ಯ, ಗದರಿಸದೆ.

ಹುಳು ತರುವಾಗ

ಮೆರಿಯನ್ ಉಪನ್ಯಾಸಕ್ಕೆ ಫೋಟೊ ಸಾಲದು, ಹುಳು ಬೇಕು. ಹತ್ತಿರದ ರೈತರಿಂದ ಐದನೇ ಹಂತದ ಒಂದು ತಟ್ಟೆ ಹುಳು ತನ್ನಿ. ಸೊಪ್ಪು ಹಾಕಿದ ಎರಡು ನಿಮಿಷಕ್ಕೆ ಮೈಕನ್ನು ತಟ್ಟೆಯ ಹತ್ತಿರ ಹಿಡಿಯಿರಿ. ಮೊದಲು ಏನೂ ಇಲ್ಲ. ಆಮೇಲೆ ಸ್ಪೀಕರಿನಲ್ಲಿ ಸಣ್ಣಗೆ ಚಿರಚಿರ, ತಗಡಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ. ನಮ್ಮ ಹಾಲಿನಲ್ಲಿ ನೂರು ಜನ ಉಸಿರು ಬಿಗಿಹಿಡಿದು ಕೇಳಿದ್ದು ಅದೊಂದೇ ಸಲ. 13 ವರ್ಷದ ಹುಡುಗಿ 360 ವರ್ಷಕ್ಕೂ ಹಿಂದೆ ಕೇಳಿಸಿಕೊಂಡದ್ದು ಇದೇ ಸದ್ದು ಅಂತ ಉಪನ್ಯಾಸಕಿ ಆ ಹೊತ್ತಿಗೆ ಹೇಳಿದರೆ ಸಾಕು, ಮತ್ತೆ ಪೀಠಿಕೆ ಬೇಡ.

ಹುಳ ಬಹಳ ನಾಜೂಕು. ಊದಿನಕಡ್ಡಿ, ಸೊಳ್ಳೆ ಬತ್ತಿ, ಸೆಂಟು, ತಂಬಾಕು ಯಾವುದೂ ಹತ್ತಿರ ಬರಬಾರದು. ದೀಪ ಹಚ್ಚುವ ಶಾಸ್ತ್ರ ತಪ್ಪಿಸಿಕೊಳ್ಳಲು ನನಗೆ ಸಿಕ್ಕ ಒಳ್ಳೆಯ ನೆಪವೂ ಇದೇ. ತಟ್ಟೆಯ ಹುಳುಗಳನ್ನು ಮಾತ್ರ ರೈತರ ಮನೆಗೆ ವಾಪಸ್ ಕಳಿಸಬೇಡಿ. ನೂರು ಕೈ ಮುಟ್ಟಿದ ಹುಳು ರೋಗ ಹೊತ್ತು ಹೋದರೆ ಪೂರ್ತಿ ಬೆಳೆ ಹೋಗುತ್ತದೆ. ಅದರ ಬೆಲೆ ಕೊಟ್ಟುಬಿಡಿ, ಶಾಲೆಯಲ್ಲೇ ಸೊಪ್ಪು ಹಾಕಿ ಗೂಡು ಕಟ್ಟಲು ಬಿಡಿ. ಮಕ್ಕಳಿಗೆ ಮುಂದಿನ ಎರಡು ವಾರದ ಪಾಠ ಅದೇ.

ಆ ದಿನ

ಸ್ವಾಗತ ಎರಡು ನಿಮಿಷ, ಒಬ್ಬ ವಿದ್ಯಾರ್ಥಿನಿಯಿಂದ. ಊರಿನ ಗಣ್ಯರನ್ನು ಖಂಡಿತ ಕರೆಯಿರಿ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಅವರ ಜಾಗ ಸಭೆಯ ಮೊದಲ ಸಾಲು. ವೇದಿಕೆಯ ಮೇಲೆ ಒಂದೇ ಕುರ್ಚಿ ಇಡಿ. ಎರಡನೇ ಕುರ್ಚಿ ಇಟ್ಟರೆ ಮೂರನೆಯದು ತಾನಾಗೇ ಬರುತ್ತದೆ. ಕಾಳಿನ ಆಟದಲ್ಲಿ ಮೊದಲ ಕಾಳು ತೆಗೆಯುವ ಗೌರವವನ್ನು ಅವರಿಗೇ ಕೊಟ್ಟರೆ ಮುಖವೂ ಅರಳುತ್ತದೆ, ಭಾಷಣವೂ ಉಳಿಯುತ್ತದೆ.

ಕರೆಂಟ್ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಪ್ರೊಜೆಕ್ಟರ್ ಇಲ್ಲದೆಯೂ ನಡೆಯುವ ಹಾಗೆ ನಾಲ್ಕು ದೊಡ್ಡ ಚಿತ್ರಗಳನ್ನು ಫ್ಲೆಕ್ಸ್ ಮಾಡಿಸಿಡಿ. ಬ್ಯಾಟರಿಯ ಕೈ ಸ್ಪೀಕರ್ ಒಂದು ಸಾಲ ತನ್ನಿ.

ಖರ್ಚಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಡಿ, ಗೌರವಧನ, ಟೀ ಬಿಸ್ಕತ್ತು, ಫ್ಲೆಕ್ಸ್, ಇಷ್ಟೇ. ಹಾರ, ಶಾಲು, ಸ್ಮರಣಿಕೆ ಬಿಟ್ಟರೆ ಗೌರವಧನದ ದುಡ್ಡು ಅಲ್ಲೇ ಸಿಗುತ್ತದೆ. ನಾವು ಲೆಕ್ಕ ಹಾಕಿ ನೋಡಿದ್ದೇವೆ.

ಪ್ರಶ್ನೆಗೆ 40 ನಿಮಿಷ, ಕಡಿಮೆ ಬೇಡ

"ಪ್ರಶ್ನೆ ಇದ್ದರೆ ಕೇಳಿ" ಅಂದರೆ ಮೊದಲು ಎದ್ದು ನಿಲ್ಲುವುದು ನಿವೃತ್ತರಾದ ಒಬ್ಬರು. ಅವರು ಕೇಳುವುದಿಲ್ಲ, ಹೇಳುತ್ತಾರೆ. ಹುಡುಗಿಯರು ತಲೆ ತಗ್ಗಿಸಿ ಕೂತಿರುತ್ತಾರೆ. ಅದಕ್ಕೇ ಬಾಗಿಲಲ್ಲೇ ಎಲ್ಲರಿಗೂ ಒಂದು ಚೀಟಿ, ಒಂದು ಪೆನ್ಸಿಲ್ ಕೊಡಿ. ಬರೆಯಲು ಬಾರದವರ ಪಕ್ಕ ಒಂದು ಮಗುವನ್ನು ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ. ಉಪನ್ಯಾಸ ಮುಗಿದ ಮೇಲೆ ಐದು ನಿಮಿಷ ಸುಮ್ಮನೆ ಬಿಡಿ, ಟೀ ಕೊಡಿ. ಚೀಟಿ ಒಟ್ಟುಗೂಡಿಸಿ, ಹೆಸರು ಹೇಳದೆ ಓದಿ. ಮೊದಲ ಮೂರು ಹುಡುಗಿಯರ ಚೀಟಿಯೇ ಆಗಿರಲಿ. ನಾಲ್ಕನೆಯದಕ್ಕೆ ಅವರೇ ಕೈ ಎತ್ತಲು ಶುರು ಮಾಡುತ್ತಾರೆ.

ಉಪನ್ಯಾಸಕಿಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅನ್ನಲಿ. ಮಕ್ಕಳು ವಿಜ್ಞಾನಿಯ ಬಾಯಲ್ಲಿ ಆ ಮಾತು ಕೇಳುವುದು ಅಪರೂಪ.

ಮುಗಿದ ಮೇಲೆ

ಸೋಮವಾರವೇ ಮಾಡಬೇಕಾದ ಕೆಲಸ ಒಂದಿದೆ. ಉತ್ತರ ಸಿಗದ ಚೀಟಿಗಳನ್ನು ಚಾರ್ಟಿನ ಮೇಲೆ ಬರೆದು ಶಾಲೆಯ ಗೋಡೆಗೆ ಅಂಟಿಸಿ, ಅದರ ಫೋಟೊ ತೆಗೆದು ಉಪನ್ಯಾಸಕಿಗೆ ಕಳಿಸಿ. ಬಂದವರ ಹೆಸರು, ಊರು ಬರೆದ ಒಂದು ರಿಜಿಸ್ಟರ್ ಇಡಿ. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಎಷ್ಟು ಜನ ಎರಡನೇ ಸಲ ಬಂದರು ಅಂತ ಎಣಿಸಿ. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ) ಬಾಗಿಲು ತೆರೆದು ಜನರಿಗೆ ಪ್ರಯೋಗಾಲಯ ತೋರಿಸುತ್ತದೆ. ಆ ದಿನಕ್ಕೆ ಒಂದು ಬಸ್ಸು ಗೊತ್ತು ಮಾಡಿದರೆ, ಕಮಲಾ ಸೊಹೊನಿ ಕಾದು ನಿಂತ ಆವರಣದಲ್ಲೇ ನಿಮ್ಮ ಹುಡುಗಿಯರು ಒಂದು ಸುತ್ತು ಹಾಕಿ ಬರಬಹುದು.

ನಮ್ಮ ಗೋಡೆಯ ಮೇಲೆ ಬಹಳ ದಿನ ಉಳಿದ ಚೀಟಿ ನೂಲು ಬಿಚ್ಚಾಣಿಕೆ ಕೆಲಸಕ್ಕೆ ಹೋಗುವ ಹೆಂಗಸೊಬ್ಬರದು: "ಗಂಡು ಹುಳದ ಗೂಡಿಗೂ ಹೆಣ್ಣು ಹುಳದ ಗೂಡಿಗೂ ನೂಲಲ್ಲಿ ವ್ಯತ್ಯಾಸ ಇದೆಯಾ? ನನ್ನ ಕೈಗೆ ಇದೆ ಅನ್ಸುತ್ತೆ." ಮೂರು ವಾರದ ಮೇಲೆ ಉಪನ್ಯಾಸಕಿ ಧ್ವನಿ ಸಂದೇಶ ಕಳಿಸಿದರು. ಹೌದು, ಇದೆ. ಹೆಣ್ಣಿನ ಗೂಡು ತೂಕ ಜಾಸ್ತಿ, ಆದರೆ ತೂಕಕ್ಕೆ ಹೋಲಿಸಿದರೆ ರೇಷ್ಮೆಯ ಪಾಲು ಗಂಡಿನ ಗೂಡಿನಲ್ಲಿ ಹೆಚ್ಚು. ಮುಂದಿನ ಉಪನ್ಯಾಸವನ್ನು ಆ ಸಂದೇಶ ಕೇಳಿಸಿಯೇ ಶುರು ಮಾಡಿದೆವು. ಆ ದಿನ ಎರಡೂವರೆಗೆ ಕಾರ್ಯಕ್ರಮ ಅಂದರೆ ಎರಡು ಗಂಟೆಗೇ ಬಂದು ಕೂತಿದ್ದರು ಆಕೆ, ಜೊತೆಗೆ ಬಿಚ್ಚಾಣಿಕೆ ಮನೆಯ ಇನ್ನೂ ಆರು ಜನ.